ಊದದೆ ಉಳಿದ ಶಂಖ

ಮಕ್ಕಳ ಹಬ್ಬ ಹತ್ತಿರ ಬಂದಿತೆಂದರೆ ನಮ್ಮ ಊರಿನಲ್ಲಿ ಯಾರೂ ಮಕ್ಕಳನ್ನು ಬೈಯುವುದಿಲ್ಲ. ವರ್ಷವಿಡೀ ಬೆನ್ನಿಗೆ ಗುದ್ದುತ್ತಿದ್ದ ಕೈಗಳು ತಲೆ ಸವರಲು ಶುರುಮಾಡುತ್ತವೆ. ದೋಣಿಯ ಹುಟ್ಟು ಮುರಿದು ತಂದ ಹುಡುಗನಿಗೆ ಅಪ್ಪನಾದವನು ಹೋಗಲಿ ಬಿಡು, ಹಳೆಯದಾಗಿತ್ತು ಎನ್ನುತ್ತಾನೆ. ಹಾಗೆನ್ನುವಾಗ ಅವನು ಹಲ್ಲು ಕಚ್ಚಿಕೊಂಡಿರುವುದು ಹುಡುಗನಿಗೂ ಗೊತ್ತು, ಅಪ್ಪನಿಗೂ ಗೊತ್ತು. ಹೊರಗಿನಿಂದ ಬಂದವರು ನೋಡಿದರೆ ಎಂಥ ಪ್ರೀತಿಯ ಜನ ಎಂದುಕೊಳ್ಳಬೇಕು. ನಮಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಕೈ ಸವರುವುದು ಹೆದರಿಕೆಯಿಂದ.

ಊರೆಂದರೆ ಸುತ್ತ ಸಮುದ್ರ, ನಡುವೆ ಒಂದು ಬೀದಿ. ಬೀದಿಯ ಎರಡೂ ಕಡೆ ತೆಂಗಿನ ಗರಿ ಹೊದಿಸಿದ ಮನೆಗಳು, ಒಂದು ತುದಿಗೆ ಹಡಗುಕಟ್ಟೆ, ಇನ್ನೊಂದು ತುದಿಗೆ ಶಂಖದ ಮನೆ. ಮಕ್ಕಳ ಹಬ್ಬಕ್ಕೆ ಸರ್ಕಾರಿ ರಜೆ ಇದೆ. ಬೆಳಗ್ಗೆ ದೊಡ್ಡ ದ್ವೀಪದಿಂದ ರೇಡಿಯೋದಲ್ಲಿ ಮಂತ್ರಿಗಳು ಭಾಷಣ ಮಾಡುತ್ತಾರೆ. ಅಲ್ಲೆಲ್ಲ ಅದು ಹೊಸ ಬಟ್ಟೆ, ಹಾಡು, ಮಿಠಾಯಿಗಳ ದಿನವಂತೆ. ನಮ್ಮಲ್ಲೂ ಮಕ್ಕಳಿಗೆ ಬಿಳಿ ಬಟ್ಟೆ ಹೊಲಿಸುತ್ತೇವೆ, ಮಿಠಾಯಿಯನ್ನೂ ತರಿಸುತ್ತೇವೆ. ಆಮೇಲೆ ಪ್ರತಿ ಮನೆಯ ಜಗುಲಿಯ ಮೇಲೆ ಬಾಳೆಲೆ ಹಾಸಿ ಬಡಿಸುತ್ತೇವೆ. ಮಕ್ಕಳಿದ್ದವರು ಮಕ್ಕಳಿರುವಷ್ಟು ಎಲೆ ಹಾಸಬೇಕು, ಇಲ್ಲದವರು ಒಂದು. ಮಕ್ಕಳು ಬೀದಿಗಿಳಿಯುತ್ತಾರೆ. ಸಂಜೆ ಸೂರ್ಯ ನೀರಿಗಿಳಿಯುವಾಗ ಶಂಖ ಊದುತ್ತಾರೆ. ಶಂಖದ ಸದ್ದು ಕೇಳುವಾಗ ಒಂದು ಮಗು ಕೊನೆಯದಾಗಿ ಯಾರ ಎಲೆಯಲ್ಲಿ ಉಂಡಿರುತ್ತದೋ, ಮುಂದಿನ ಹಬ್ಬದವರೆಗೆ ಅದು ಆ ಮನೆಯ ಮಗು. ಹೆತ್ತವರು ಯಾರು ಎಂಬ ಮಾತೇ ಇಲ್ಲ. ಅಂದು ದೊಡ್ಡವರು ಮಗುವನ್ನು ಕರೆಯುವಂತಿಲ್ಲ, ಕೈಸನ್ನೆ ಮಾಡುವಂತಿಲ್ಲ, ಹೀಗೆ ಮಾಡು ಎಂದು ಹೇಳುವಂತಿಲ್ಲ. ಮಗು ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ.

ಹೆಚ್ಚಿನ ಮಕ್ಕಳು ಅವರವರ ಮನೆಯಲ್ಲೇ ಉಣ್ಣುತ್ತಾರೆ. ಒಮ್ಮೆ ಹಡಗುಕಟ್ಟೆಯ ಗುಮಾಸ್ತನ ಮಗ ಮೂರು ಮನೆಯ ಮೀನು ರುಚಿ ನೋಡಿ, ಶಂಖಕ್ಕೆ ಸ್ವಲ್ಪ ಮೊದಲು ಹೊಟ್ಟೆ ಹಿಡಿದುಕೊಂಡು ಅಮ್ಮನ ಎಲೆಗೆ ಬಂದು ಬಿದ್ದ. ಅಷ್ಟು ಹೊತ್ತಿಗೆ ಅವನ ಅಮ್ಮನಿಗೆ ಎರಡು ಸಲ ಪ್ರಜ್ಞೆ ತಪ್ಪಿತ್ತು. ಈಗ ಅದನ್ನು ಹೇಳಿಕೊಂಡು ನಗುತ್ತೇವೆ. ಆದರೆ ಕೆಲವು ವರ್ಷಗಳಿಗೊಮ್ಮೆ ಯಾವುದಾದರೂ ಮಗು ನಿಜಕ್ಕೂ ಬೇರೆ ಮನೆಯಲ್ಲಿ ಕೂತುಬಿಡುತ್ತದೆ. ಆಗ ಯಾರೂ ನಗುವುದಿಲ್ಲ. ಯಾಕೆ ಅಲ್ಲಿ ಕೂತೆ ಎಂದು ಮಗುವನ್ನು ಕೇಳುವುದೂ ಇಲ್ಲ. ಹಾಗೆ ಕೇಳುವಷ್ಟು ದೊಡ್ಡ ತಪ್ಪು ನಮ್ಮಲ್ಲಿ ಇನ್ನೊಂದಿಲ್ಲ.

ಲೂಪೆ ನಮ್ಮ ಮನೆಗೆ ಬಂದದ್ದು ಹಾಗೆಯೇ. ನನಗೂ ಮಾಲಿಯಾಗೂ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪ್ರತಿ ಹಬ್ಬಕ್ಕೂ ಮಾಲಿಯಾ ಒಂದು ಎಲೆ ಹಾಸಿ ಬಡಿಸುವಳು, ಸಂಜೆ ಅದನ್ನು ಮಡಚಿ ಒಳಗೆ ಒಯ್ಯುವಳು. ಒಂದು ವರ್ಷ ಎದುರು ಮನೆಯ ಸೆತೀನಾಳ ಮಗಳು, ನಾಲ್ಕು ವರ್ಷದ ಕೂಸು, ಬೀದಿ ದಾಟಿ ಬಂದು ನಮ್ಮ ಎಲೆಯ ಮುಂದೆ ಕೂತಿತು. ಮಾಲಿಯಾ ಬಡಿಸಿದ ಕಾಯಿಹಾಲು ಎಲೆಗಿಂತ ಹೆಚ್ಚು ನೆಲಕ್ಕೆ ಬಿತ್ತು. ಮಗು ಉಂಡಿತು. ಶಂಖ ಕೇಳಿತು. ಮಾಲಿಯಾ ಅಂದು ಅತ್ತ ಹಾಗೆ ಅವಳ ಅಪ್ಪ ಸತ್ತಾಗಲೂ ಅತ್ತಿರಲಿಲ್ಲ. ಬೀದಿಯ ಆಚೆ ಸೆತೀನಾ ಮಾತ್ರ ಅಳಲಿಲ್ಲ. ಜಗುಲಿಯ ಕಂಬ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು.

ಆಮೇಲಿನ ನಾಲ್ಕು ಹಬ್ಬಗಳಲ್ಲೂ ಲೂಪೆ ನಮ್ಮ ಎಲೆಯಲ್ಲೇ ಉಂಡಳು. ನಮ್ಮನ್ನು ಅಪ್ಪ, ಅಮ್ಮ ಎಂದಳು, ಹಲ್ಲು ಉದುರಿಸಿಕೊಂಡಳು, ಈಜು ಕಲಿತಳು. ಸೆತೀನಾಳ ಗಂಡ ಹಡಗಿನ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವಳು ಒಬ್ಬಳೇ ಎದುರು ಜಗುಲಿಯಲ್ಲಿ ಚಾಪೆ ಹೆಣೆಯುತ್ತ, ತನ್ನ ಮಗಳು ನಮ್ಮ ಅಂಗಳದಲ್ಲಿ ಹಲ್ಲುಜ್ಜುವುದನ್ನು ದಿನವೂ ನೋಡುತ್ತಿದ್ದಳು. ಹೆತ್ತ ಮಗುವೇ ಎದ್ದು ಹೋಯಿತೆಂದರೆ ಆ ಹೆಂಗಸಿನಲ್ಲಿ ಏನೋ ಇರಬೇಕು ಎಂದು ಊರು ತೀರ್ಮಾನಿಸಿತ್ತು. ಯಾರೂ ಅವಳ ಕೈಗೆ ಎಳೆಗೂಸು ಕೊಡುತ್ತಿರಲಿಲ್ಲ. ಅವಳ ಜಗುಲಿಯಲ್ಲಿ ಮಕ್ಕಳು ಆಡಿದರೆ ಯಾವುದೋ ನೆಪ ಹೇಳಿ ಎಬ್ಬಿಸಿಕೊಂಡು ಹೋಗುತ್ತಿದ್ದರು.

ಮಾಲಿಯಾಳ ಹೆದರಿಕೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹಬ್ಬ ಕೊಟ್ಟದ್ದನ್ನು ಇನ್ನೊಂದು ಹಬ್ಬ ಕಿತ್ತುಕೊಳ್ಳಬಹುದು. ಹಬ್ಬ ಸಮೀಪಿಸಿದಂತೆ ಅವಳಿಗೆ ಊಟ ಸೇರದು, ನಿದ್ದೆ ಬಾರದು. ಸೆತೀನಾಳ ಒಲೆಯಿಂದ ಹೊಗೆ ಎದ್ದರೆ ಇವಳು ಬೇಲಿಯ ಹತ್ತಿರ ಹೋಗಿ ಮೂಗರಳಿಸಿ ಏನು ಬೇಯುತ್ತಿದೆ ಎಂದು ನೋಡುವಳು. ನೀನು ಹಿಂದಿನ ಜನ್ಮದಲ್ಲಿ ಬೆಕ್ಕಾಗಿದ್ದೆ ಎಂದು ನಾನು ರೇಗಿಸುತ್ತಿದ್ದೆ. ನಾನೂ ಹೆದರಿದ್ದುದು ಅವಳಿಗೆ ಕಾಣದಿರಲಿ ಎಂದೇ ಹಾಗೆ ರೇಗಿಸುತ್ತಿದ್ದದ್ದು.

ಈ ಸಲ ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಅಮ್ಮ ಮಗಳು ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ನಾನು ಪಕ್ಕದಲ್ಲಿ ಬಲೆಯ ಹರುಕು ಹೊಲಿಯುತ್ತಿದ್ದೆ. ಲೂಪೆ ಇದ್ದಕ್ಕಿದ್ದ ಹಾಗೆ, ನಮ್ಮ ಮನೆಯಲ್ಲಿ ಮೊದಲು ಒಂದು ಹಂದಿಮರಿ ಇತ್ತಲ್ಲ, ಮೂಗಿನ ಮೇಲೆ ಕಪ್ಪು ಮಚ್ಚೆಯದು, ಅದು ಎಲ್ಲಿ ಹೋಯಿತು ಎಂದು ಕೇಳಿದಳು. ಅದು ಮಾರನೆಯ ವರ್ಷದ ಹಬ್ಬದಡಿಗೆಯಲ್ಲಿ ಹೋಗಿತ್ತು, ನಾನು ಬಲೆಯ ಮೇಲೆ ಇನ್ನಷ್ಟು ಬಗ್ಗಿದೆ.

"ಅದನ್ನ ನೋಡೋಕೇ ನಾನು ಇಲ್ಲಿ ಬಂದಿದ್ದು. ಜಗುಲಿ ಹತ್ರ ಕಟ್ಟಿದ್ರಿ. ನೋಡ್ತಾ ಕೂತಿದ್ದೆ, ನೀನು ಬಡಿಸ್ಬಿಟ್ಟೆ," ಎಂದಳು ಲೂಪೆ. ಎಂದವಳೇ ಒಂದು ಹಿಡಿ ಕಾಯಿತುರಿ ಬಾಯಿಗೆ ಹಾಕಿಕೊಂಡು ಆಡಲು ಓಡಿದಳು.

ಮಾಲಿಯಾ ಮೊದಲು ನಕ್ಕಳು. ಆಮೇಲೆ ಅವಳ ಮುಖ ಬಿಳಿಚಿಕೊಂಡಿತು. ಯಾವ ಮಗು ನಮ್ಮನ್ನು ಆರಿಸಿಕೊಂಡಿತೆಂದು ಊರಿಗೆ ಊರೇ ನಂಬಿತ್ತೋ, ಅದು ಒಂದು ಹಂದಿಮರಿಯನ್ನು ನೋಡಲು ಬಂದ ಕೂಸು. ಹಸಿವಾಗಿತ್ತು, ಉಂಡಿತು, ಅಷ್ಟೇ. ಮುಂದಿನ ವರ್ಷಗಳಲ್ಲಿ ಅದು ನಮ್ಮಲ್ಲೇ ಕೂತದ್ದು ಅಷ್ಟರಲ್ಲಿ ಇದೇ ಅದರ ಮನೆಯಾಗಿತ್ತಾದ್ದರಿಂದ. ಯಾಕೆ ಎಂದು ಕೇಳಬಾರದ ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಸೆತೀನಾಗೆ ಹೇಳಬೇಕು ಎಂದಳು ಮಾಲಿಯಾ. ನಿನಗೇನು ತಲೆ ಕೆಟ್ಟಿದೆಯೇ, ಹಬ್ಬ ಹೊಸ್ತಿಲಲ್ಲಿ ನಿಂತಿದೆ, ಬಾಯಿ ಮುಚ್ಚಿಕೊಂಡಿರು ಎಂದು ನಾನು ಗದರಿದೆ. ಅವಳು ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡು ಸೊರಗಿದಳು. ಎದುರು ಜಗುಲಿ ಕಾಣದಂತೆ ಬೆನ್ನು ಹಾಕಿ ಕೂರುವಳು, ಅನ್ನ ಕಲಸಿ ಕಲಸಿ ಹಾಗೆಯೇ ಬಿಡುವಳು. ಹೇಳಿದರೆ ಮಗು ಹೋದೀತು ಎಂಬ ಹೆದರಿಕೆ ಒಂದಾದರೆ, ಹೇಳದೆ ಇಟ್ಟುಕೊಂಡ ಮಗು ತನ್ನದಾದೀತೇ ಎಂಬುದು ಇನ್ನೊಂದು.

ಹಬ್ಬದ ಹಿಂದಿನ ಸಂಜೆ ನಾನು ಕೊಡಗಳನ್ನು ಹೊತ್ತು ಅವಳ ಜೊತೆ ಬಾವಿಗೆ ಹೋಗಿದ್ದೆ. ಅಲ್ಲಿ ಸೆತೀನಾ ಒಬ್ಬಳೇ ನೀರು ಸೇದುತ್ತಿದ್ದಳು. ಮಾಲಿಯಾ ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ಹೋಗಿ ಅವಳ ಕೈಯ ಹಗ್ಗ ಹಿಡಿದು ಹಂದಿಮರಿಯ ವಿಷಯ ಹೇಳಿಬಿಟ್ಟಳು.

ಸೆತೀನಾ ಬಾವಿಕಟ್ಟೆಯ ಮೇಲೆ ಕೂತಳು. "ಹಿಂದಿನ ದಿನ ಅವಳು ಮೀನಿನ ಮುಳ್ಳು ಬಾಯಿಗೆ ಹಾಕ್ಕೊಂಡಿದ್ಳು ಅಕ್ಕಾ. ಕೈಮೇಲೆ ಒಂದು ಏಟು ಹಾಕಿದ್ದೆ. ಅದಕ್ಕೇ ಬಿಟ್ಟು ಹೋದ್ಳು ಅಂದ್ಕೊಂಡಿದ್ದೆ, ಇಷ್ಟು ವರ್ಷ."

ಮಾಲಿಯಾ ಅವಳ ಪಕ್ಕ ಕೂತಳು. ಇಬ್ಬರೂ ಅಳುತ್ತಿದ್ದರು. ನಾನು ಏನು ಮಾಡುವುದೆಂದು ತಿಳಿಯದೆ ಕೊಡ ತುಂಬಲು ತಿರುಗಿದೆ. ತಿರುಗಿದರೆ ದಾರಿಯಲ್ಲಿ ಲೂಪೆ ನಿಂತಿದ್ದಳು. ನಮ್ಮನ್ನು ಹುಡುಕಿಕೊಂಡು ಬಂದಿದ್ದಳು, ಕೈಯಲ್ಲಿ ಸಣ್ಣ ತಂಬಿಗೆ ಇತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇಲ್ಲಿ ಮನಾಸೆ ಅಜ್ಜನ ವಿಷಯ ಹೇಳಬೇಕು. ಶಂಖದ ಮನೆಯಲ್ಲಿ ಇರುವವನು ಅವನು. ಹಬ್ಬದ ದಿನ ಯಾವ ಎಲೆಯಲ್ಲೂ ಉಣ್ಣದ ಮಗು ಯಾರ ಮಗುವೂ ಅಲ್ಲ, ಅದು ಶಂಖದ ಮನೆಗೆ ಸೇರುತ್ತದೆ. ಮನಾಸೆ ಚಿಕ್ಕವನಿದ್ದಾಗ ಹಾಗೆ ಸೇರಿದವನು, ಅವನ ನಂತರ ಇನ್ನೊಬ್ಬರು ಸೇರಿಲ್ಲ. ಮನೆಮನೆಯಿಂದ ಸರದಿಯಲ್ಲಿ ಅವನಿಗೆ ಬುತ್ತಿ ಹೋಗುತ್ತದೆ. ಅವನನ್ನು ಯಾರೂ ಎಂದೂ ಬೈದದ್ದಿಲ್ಲ, ಊಟಕ್ಕೆ ಬಾ ಎಂದು ಕರೆದದ್ದೂ ಇಲ್ಲ. ಒಳ್ಳೆಯ ಮುದುಕ. ಆದರೂ ಅವನು ಎದುರಾದರೆ ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಈಚೆಗೆ ಅವನಿಗೆ ಉಸಿರು ಸಾಲದು, ಶಂಖಕ್ಕೆ ಇನ್ನೊಬ್ಬರು ಬೇಕು ಎಂದು ಊರಿನಲ್ಲಿ ಪಿಸುಮಾತು ಎದ್ದಿತ್ತು. ಆ ಮಾತು ಬಂದಾಗ ಎಲ್ಲರೂ ತಮ್ಮ ತಮ್ಮ ಮಕ್ಕಳ ಕಡೆ ನೋಡಿ ಬೇರೆ ವಿಷಯ ತೆಗೆಯುತ್ತಿದ್ದರು.

ಹಬ್ಬದ ಬೆಳಗ್ಗೆ ಮಾಲಿಯಾ ಲೂಪೆಗೆ ಬಿಳಿ ಲಂಗ ತೊಡಿಸಿ ತಲೆ ಬಾಚಿದಳು. ಎಲೆ ಹಾಸಿ, ಸುಟ್ಟ ಕೆಸುವಿನ ಗಡ್ಡೆ, ಕಾಯಿಹಾಲಿನಲ್ಲಿ ಬೇಯಿಸಿದ ಮೀನು, ದೀವಿ ಹಲಸಿನ ಹುರಿದ ಹೋಳು ಬಡಿಸಿದಳು. ಎದುರು ಜಗುಲಿಯಲ್ಲಿ ಸೆತೀನಾಳ ಎಲೆಯಲ್ಲೂ ಅದೇ ಇತ್ತು. ಲೂಪೆ ಬೀದಿಗಿಳಿದಳು. ನಮ್ಮ ಮನೆಗೂ ಸೆತೀನಾಳ ಮನೆಗೂ ನಡುವೆ, ದೀವಿ ಹಲಸಿನ ಮರದ ಕೆಳಗೆ ನಿಂತಳು. ಅಲ್ಲಿಂದ ಅಲುಗಲಿಲ್ಲ.

ಬೇರೆ ಮಕ್ಕಳು ಒಬ್ಬೊಬ್ಬರಾಗಿ ಕೂತು ಉಂಡರು. ಕೈ ತೊಳೆದು ಮಿಠಾಯಿ ಚೀಪುತ್ತ ಅವಳ ಸುತ್ತ ಆಡಿದರು. ಅವಳು ಆಡಲಿಲ್ಲ. ಬಿಸಿಲು ಏರಿತು, ಮರದ ನೆರಳು ಸರಿದು ಹೋಯಿತು, ಅವಳು ಬಿಸಿಲಿನಲ್ಲೇ ನಿಂತಳು. ಮಾಲಿಯಾ ಮೀನನ್ನು ಮತ್ತೆ ಬಿಸಿ ಮಾಡಿ ತಂದು ಬಡಿಸಿದಳು. ಸೆತೀನಾಳೂ ಹಾಗೆಯೇ ಮಾಡಿದಳು. ಇಬ್ಬರೂ ಮಗುವಿನ ಕಡೆ ನೋಡಿದರೆ ಕರೆದಂತಾದೀತು ಎಂದು ತಮ್ಮ ತಮ್ಮ ಎಲೆಯನ್ನೇ ನೋಡುತ್ತ ಕೂತಿದ್ದರು. ಸಂಜೆಯಾಗುತ್ತ ಬಂದಂತೆ ಮಾಲಿಯಾ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಕೂಗಿಬಿಡುತ್ತೇನೆಂದು ಅವಳಿಗೆ ಭಯವಾಗಿತ್ತು.

ಎದುರು ಮನೆಗಾದರೂ ಹೋಗಲಿ ಎಂದು ನಾನು ಬೇಡಿಕೊಳ್ಳತೊಡಗಿದೆ. ನಮ್ಮನ್ನು ಬಿಟ್ಟು ಹೋಗಲಿ, ಎಲ್ಲಾದರೂ ಒಂದು ತುತ್ತು ಉಣ್ಣಲಿ. ಮಗುವಿನ ಒಣಗಿದ ತುಟಿ ನೋಡುತ್ತಿದ್ದ ಹಾಗೆ ನನಗೆ ನನ್ನದೇ ಹಳೆಯ ಹಬ್ಬಗಳು ನೆನಪಾದವು. ನಾನೂ ಬಿಳಿ ಅಂಗಿ ತೊಟ್ಟು ಇದೇ ಬೀದಿಗೆ ಇಳಿದವನು. ಪ್ರತಿ ವರ್ಷವೂ ಅಮ್ಮನ ಎಲೆಯಲ್ಲೇ ಕೂತವನು. ಅವಳ ಅಡುಗೆಯ ಮೇಲಿನ ಆಸೆಯಿಂದಲ್ಲ, ಕಂಬದ ಹಿಂದೆ ನಿಂತ ಅವಳ ಮುಖ ನೋಡಲಾಗದೆ. ಇದು ನಾವು ದೊಡ್ಡವರು ಮಾತ್ರ ಹೆದರುವ ದಿನ ಎಂದು ನಾನು ಅಷ್ಟು ವರ್ಷ ಅಂದುಕೊಂಡಿದ್ದೆ. ಯಾರ ಹೆಸರಿನಲ್ಲಿ ಹಬ್ಬವೋ ಅವರೇ ಎಲ್ಲರಿಗಿಂತ ಹೆಚ್ಚು ಹೆದರುತ್ತಾರೆ ಎನ್ನುವುದನ್ನು ಎಷ್ಟು ಸಲೀಸಾಗಿ ಮರೆತಿದ್ದೆ.

ಸೂರ್ಯ ಕೆಳಗಿಳಿದು ಕೆಂಪಾದ. ಲೂಪೆ ಕೊನೆಗೆ ಹೆಜ್ಜೆ ಎತ್ತಿದಳು. ನಮ್ಮ ಕಡೆಗೂ ಅಲ್ಲ, ಸೆತೀನಾಳ ಕಡೆಗೂ ಅಲ್ಲ. ಬೀದಿಯುದ್ದಕ್ಕೆ ಶಂಖದ ಮನೆಯ ಕಡೆಗೆ ನಡೆದಳು.

ಮಾಲಿಯಾ ಎದ್ದಳು, ಸೆತೀನಾ ಎದ್ದಳು. ನೋಡನೋಡುತ್ತಿದ್ದಂತೆ ಊರೆಲ್ಲ ಎದ್ದಿತು. ಯಾರೂ ಕರೆಯುವಂತಿಲ್ಲ, ತಡೆಯುವಂತಿಲ್ಲ. ದೂರದಲ್ಲಿ ಹಿಂಬಾಲಿಸಿಕೊಂಡು ಹೋದೆವು. ದಂಡೆಯ ಬಂಡೆಯ ಮೇಲೆ ಮನಾಸೆ ಅಜ್ಜ ಶಂಖವನ್ನು ತೊಡೆಯ ಮೇಲಿಟ್ಟುಕೊಂಡು ಸೂರ್ಯನನ್ನು ನೋಡುತ್ತ ಕೂತಿದ್ದ. ಲೂಪೆ ಹೋಗಿ ಅವನ ಮುಂದೆ ನಿಂತಳು.

"ಅಜ್ಜಾ, ಅವತ್ತು ನೀನ್ಯಾಕೆ ಎಲ್ಲೂ ಉಣ್ಲಿಲ್ಲ?"

ನಮ್ಮ ಊರಿನಲ್ಲಿ ಯಾರೂ ಕೇಳಬಾರದ ಪ್ರಶ್ನೆ. ಅದನ್ನು ಮಗುವಿಗೆ ಕೇಳಬಾರದು ಎಂದಿತ್ತೇ ಹೊರತು ಮಗು ಕೇಳಬಾರದು ಎಂದಿರಲಿಲ್ಲ. ಇಡೀ ಬದುಕಿನಲ್ಲಿ ಮುದುಕನಿಗೆ ಅದನ್ನು ಕೇಳಿದವರು ಅವಳೊಬ್ಬಳೇ ಇರಬೇಕು.

"ಅಪ್ಪ ಅಮ್ಮ ಜಗಳ ಆಡಿ ಬೇರೆ ಬೇರೆ ಮನೆ ಮಾಡಿದ್ರು ಮಗಾ. ಎರಡು ಕಡೆನೂ ಎಲೆ ಹಾಕಿದ್ರು, ಎರಡು ಕಡೆನೂ ಅಳ್ತಿದ್ರು. ಎಲ್ಲಿಗೆ ಹೋಗೋದು ಅಂತ ಯೋಚನೆ ಮಾಡ್ತಾ ನಿಂತಿದ್ದೆ. ಅಷ್ಟರಲ್ಲಿ ಊದ್ಬಿಟ್ರು."

"ಹೆದ್ರಿಕೆ ಆಗಿತ್ತಾ?"

"ಈಗ್ಲೂ ಆಗತ್ತೆ," ಎಂದ ಮನಾಸೆ ಅಜ್ಜ.

ಸೂರ್ಯನ ಅಂಚು ನೀರು ಮುಟ್ಟುತ್ತಿತ್ತು. ಮುದುಕ ಅಭ್ಯಾಸದಂತೆ ಶಂಖವನ್ನು ಎತ್ತಿದ. ಲೂಪೆ ಎರಡೂ ಕೈ ಚಾಚಿದಳು.

"ಅದನ್ನ ನಂಗೆ ಕೊಡು."

ನನ್ನ ಪಕ್ಕದಲ್ಲಿ ಮಾಲಿಯಾ ಕುಸಿದಳು. ಅವಳನ್ನು ಹಿಡಿದುಕೊಂಡದ್ದು ಸೆತೀನಾ, ನನಗೆ ಕೈಯೇ ಏಳಲಿಲ್ಲ. ಶಂಖ ಕೊಡು ಎಂದ ಮಗು ಶಂಖದ ಮನೆಗೆ ಸೇರಿತೆಂದೇ ಎಲ್ಲರೂ ತಿಳಿದರು. ಆದರೆ ಅಂದು ಮಗು ಕೇಳಿದ್ದನ್ನು ಮನಾಸೆ ಅಜ್ಜನೂ ಇಲ್ಲ ಎನ್ನುವಂತಿಲ್ಲವಲ್ಲ. ಕೊಟ್ಟ. ಅವಳು ಆ ಭಾರದ ಶಂಖವನ್ನು ಎದೆಗವಚಿಕೊಂಡು ಸಮುದ್ರದ ಕಡೆ ತಿರುಗಿ ನಿಂತಳು. ಸೂರ್ಯ ಅರ್ಧ ಮುಳುಗಿದ, ಪೂರ್ತಿ ಮುಳುಗಿದ. ಅವಳು ಶಂಖವನ್ನು ಬಾಯಿಗೆ ತರಲಿಲ್ಲ.

ಊರ ಯಜಮಾನರು ಮುದುಕನ ಹತ್ತಿರ ಬಂದು, ಊದು ಎಂದು ಅವಳಿಗೆ ಹೇಳಬಾರದೇ ಎಂದು ಪಿಸುಗುಟ್ಟಿದರು. ಇವತ್ತು ಮಗುವಿಗೆ ಹೀಗೆ ಮಾಡು ಎನ್ನುವವರು ಯಾರು ಸ್ವಾಮಿ, ನೀವೇ ಹೇಳಿ ನೋಡಿ ಎಂದ ಮನಾಸೆ ಅಜ್ಜ. ಅವನು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದೆ. ಯಜಮಾನರು ಹಿಂದೆ ಸರಿದು ನಿಂತರು.

ಲೂಪೆ ಶಂಖ ಹೊತ್ತು ಬೀದಿಯಲ್ಲಿ ಹಿಂತಿರುಗಿದಳು. ನಾವು ಬದಿಗೆ ಸರಿದು ದಾರಿ ಬಿಟ್ಟೆವು. ನೇರವಾಗಿ ನಮ್ಮ ಜಗುಲಿಗೆ ಬಂದು, ಶಂಖವನ್ನು ಪಕ್ಕದಲ್ಲಿಟ್ಟು, ತಣ್ಣಗಾದ ಕೆಸುವಿನ ಗಡ್ಡೆಯನ್ನು ಗಬಗಬನೆ ತಿಂದಳು. ಅರ್ಧ ಎಲೆ ಖಾಲಿಯಾದ ಮೇಲೆ ಎದ್ದು, ಶಂಖವನ್ನೆತ್ತಿಕೊಂಡು, ಬೀದಿ ದಾಟಿ ಸೆತೀನಾಳ ಎಲೆಯ ಮುಂದೆ ಕೂತು ಉಳಿದ ಹೊಟ್ಟೆ ತುಂಬಿಸಿಕೊಂಡಳು. ಸೆತೀನಾ ಒಂದೊಂದೇ ಮುಳ್ಳನ್ನು ಬಿಡಿಸಿ ಬಿಡಿಸಿ ಮೀನನ್ನು ಅವಳ ಎಲೆಗೆ ಹಾಕುತ್ತಿದ್ದಳು.

ಕೈ ತೊಳೆದು ಲೂಪೆ ಸುತ್ತ ನಿಂತ ನಮ್ಮೆಲ್ಲರನ್ನೂ ನೋಡಿದಳು. "ಇವತ್ತು ಇನ್ನೂ ಮುಗ್ದಿಲ್ಲ ಅಲ್ವಾ?" ಎಂದು ಕೇಳಿದಳು. ಶಂಖ ಊದದೆ ಹಬ್ಬದ ದಿನ ಮುಗಿಯುವುದಿಲ್ಲ, ಶಂಖ ಅವಳ ಬಳಿ ಇತ್ತು.

ಆ ದಿನ ನಮ್ಮ ಊರಿನಲ್ಲಿ ಇಂದಿಗೂ ಮುಗಿದಿಲ್ಲ. ಸೂರ್ಯ ಹುಟ್ಟುತ್ತಾನೆ, ಮುಳುಗುತ್ತಾನೆ, ಹಬ್ಬ ಹಾಗೆಯೇ ಇದೆ. ರಜೆ ಮುಗಿದಿಲ್ಲವೆಂದು ಅಂಚೆ ಕಚೇರಿಯವನು ಬಾಗಿಲು ತೆಗೆಯಲು ಒಪ್ಪಲಿಲ್ಲ, ಕೊನೆಗೆ ಅವನ ಹೆಂಡತಿಯೇ ದಬ್ಬಿಕೊಂಡು ಹೋಗಿ ತೆಗೆಸಿದಳು. ಮನೆಗಳಲ್ಲಿ ದಿನವೂ ಎಲೆ ಹಾಸುತ್ತಾರೆ. ಮಕ್ಕಳು ಅಲ್ಲಿಷ್ಟು ಇಲ್ಲಿಷ್ಟು ಉಣ್ಣುತ್ತಾರೆ. ಮೊದಮೊದಲು ತಾಯಂದಿರು ಪ್ರತಿ ಸಂಜೆಯೂ ಎದೆ ಹಿಡಿದುಕೊಳ್ಳುತ್ತಿದ್ದರು. ದಿನಾ ಹೆದರಿ ಹೆದರಿ ಹೆದರಿಕೆ ಸ್ವಲ್ಪ ಸವೆದಿದೆ. ಸೆತೀನಾಳ ಜಗುಲಿಯಲ್ಲಿ ಈಗ ಮಕ್ಕಳ ಗಲಾಟೆ. ಮನಾಸೆ ಅಜ್ಜನನ್ನೂ ಲೂಪೆ ಒಂದು ದಿನ ಕೈಹಿಡಿದು ತಂದು ಎಲೆಯ ಮುಂದೆ ಕೂರಿಸಿದಳು. ಅವನು ಮೊಣಕಾಲು ಮಡಚಿಕೊಂಡು, ಯಾರಾದರೂ ಎಬ್ಬಿಸುತ್ತಾರೇನೋ ಎಂಬಂತೆ ಅತ್ತಿತ್ತ ನೋಡುತ್ತ ಉಂಡ. ಈಗ ಉಪ್ಪು ಕಡಿಮೆಯಾಯಿತೆಂದು ತಗಾದೆ ಮಾಡುವಷ್ಟು ಆಗಿದ್ದಾನೆ, ಮಾಲಿಯಾ ಅವನನ್ನು ಚೆನ್ನಾಗಿ ಬೈಯುತ್ತಾಳೆ.

ಆದರೂ ನನ್ನ ಭಯ ಹೋಗಿದೆ ಎಂದರೆ ಸುಳ್ಳಾದೀತು. ಲೂಪೆ ಒಂದು ದಿನ ಇಲ್ಲಿ ಮಲಗುತ್ತಾಳೆ, ಒಂದು ದಿನ ಅಲ್ಲಿ. ಎಲ್ಲಿ ಮಲಗಿದರೂ ಶಂಖ ಬಟ್ಟೆಯಲ್ಲಿ ಸುತ್ತಿಕೊಂಡು ಅವಳ ಪಕ್ಕದಲ್ಲೇ ಇರುತ್ತದೆ. ಅವಳು ಉದ್ದವಾಗುತ್ತಿದ್ದಾಳೆ. ಸೂರ್ಯ ಮುಳುಗುವ ಹೊತ್ತಿಗೆ ಮಾಲಿಯಾಳ ಸೌಟು ಪಾತ್ರೆಯಲ್ಲಿ ನಿಲ್ಲುತ್ತದೆ. ಎದುರು ಮನೆಯಲ್ಲಿ ಚಾಪೆ ಹೆಣೆಯುವ ಕೈಯೂ ನಿಲ್ಲುತ್ತದೆ. ಕತ್ತಲಾದ ಮೇಲೆ ಎರಡೂ ಮನೆಗಳಲ್ಲಿ ಮತ್ತೆ ಕೆಲಸ ಶುರುವಾಗುತ್ತದೆ.

ನಿನ್ನೆ ಸಂಜೆ ಅವಳು ಬೀದಿಯ ನಡುವೆ, ಅದೇ ಮರದ ಕೆಳಗೆ ನಿಂತು ಬಟ್ಟೆ ಬಿಚ್ಚಿ ಶಂಖವನ್ನು ಹೊರತೆಗೆದಳು. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಬಾಯಿಗೆ ತಂದಳು. ಮಾಲಿಯಾಳ ಕೈಯಿಂದ ಸೌಟು ಬಿತ್ತು. ಸೆತೀನಾ ಜಗುಲಿಯ ಕಂಬ ಹಿಡಿದುಕೊಂಡಳು. ನಾನು ಕಣ್ಣು ಮುಚ್ಚಿದೆ. ಅಂದು ಮಧ್ಯಾಹ್ನ ಅವಳು ಎಲ್ಲಿ ಉಂಡಿದ್ದಳೆಂದು ಎಷ್ಟು ನೆನಪಿಸಿಕೊಂಡರೂ ನೆನಪಾಗಲಿಲ್ಲ.

ಉಫ್ ಎಂದು ಸಣ್ಣ ಸದ್ದಾಯಿತು. ಕಣ್ಣು ಬಿಟ್ಟರೆ ಅವಳು ಒಳಗೆ ಸೇರಿದ್ದ ಮರಳನ್ನು ಊದಿ ತೆಗೆಯುತ್ತಿದ್ದಳು. ಲಂಗದ ತುದಿಯಿಂದ ಶಂಖವನ್ನು ಒರೆಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಇರಿಸಿಕೊಂಡಳು.

"ಅಮ್ಮಾ, ಏನಡ್ಗೆ?" ಎಂದು ಅಲ್ಲಿಂದಲೇ ಕೂಗಿದಳು.

ಬೀದಿಯ ಎರಡೂ ಕಡೆಯಿಂದ ಉತ್ತರ ಬಂತು.